ದಕ್ಷಿಣ ಬಾಗಿಲಲ್ಲಿ ಕೂತವನು: ಒಂದು ಹಳೇ ಹಳೇಬೀಡು ಫೋಟೋದ ಪ್ರಕರಣ

ಹೆಸರು, ಮನೆತನ, ಸಂಘ ಯಾವುದನ್ನೂ ಇಲ್ಲಿ ಹಾಕ್ತಿಲ್ಲ, ಗುರುತು ಸಿಗೋ ಅಂಥ ಕೆಲವು ಚಿಲ್ಲರೆ ವಿವರ ಬೇಕಂತಲೇ ಬದಲಾಯ್ಸಿದೀನಿ. ಹಳೇ ಫೋಟೋ ಇಟ್ಕೊಂಡು ಪ್ರದರ್ಶನ ಮಾಡೋರು, ಊರಿನ ಇತಿಹಾಸ ಬರೆಯೋರು, ಸ್ಮರಣ ಸಂಚಿಕೆ ತರೋರು ಎಲ್ಲ ಊರಲ್ಲೂ ಇದಾರೆ, ಅವರಿಗೆ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತಿದೀನಿ. ನಾನು ಹಾಸನದಲ್ಲಿ ಸ್ಟುಡಿಯೋ ಇಟ್ಕೊಂಡಿರೋನು, ಡಾರ್ಕ್ ರೂಮಲ್ಲಿ ಹೈಪೋ ವಾಸನೆ ಕುಡಿದು ಕೆಲಸ ಕಲ್ತವನು, ಈಗ ಎಲ್ಲರ ಥರ ಪಾಸ್‌ಪೋರ್ಟ್ ಸೈಜು, ಮದುವೆ ಆಲ್ಬಂ. ಸಂಘದವರು ನನ್ನ ಕರೆದಿದ್ದು ಸ್ಕ್ಯಾನ್ ಮಾಡಿಕೊಡೋಕೆ ಮಾತ್ರ.

ಹಿನ್ನೆಲೆ

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ್ವಲ್ಲ, ಅದಾದ್ಮೇಲೆ ನಮ್ಮ ಕಡೆ ಎಲ್ಲರಿಗೂ ಹೊಯ್ಸಳರ ಮೇಲೆ ಒಂದು ಹೊಸ ಪ್ರೀತಿ ಬಂತು. ಹೊಯ್ಸಳ ಅಂದ್ರೆ ಬೆಂಗಳೂರಿನ ಪೊಲೀಸ್ ಜೀಪು ಅಂತ ಮಾತ್ರ ಗೊತ್ತಿದ್ದ ಹುಡುಗರೂ ವಿಷ್ಣುವರ್ಧನ, 1117, ಬೇಲೂರು ಅಂತ ಮಾತಾಡೋಕೆ ಶುರು ಮಾಡಿದ್ರು. ಆ ಹುಮ್ಮಸ್ಸಲ್ಲೇ ಒಂದು ಸಣ್ಣ ಸಂಘದವರು ಹಳೇ ಫೋಟೋಗಳ ಪ್ರದರ್ಶನ ಇಡೋಣ ಅಂತ ಹೊರಟ್ರು. ಸಂಘ ಅಂದ್ರೆ ಒಬ್ಬರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಒಬ್ಬರು ಹೋಟೆಲ್ ಮಾಲೀಕರು (ದುಡ್ಡು ಹಾಕೋರು ಅವರೇ), ಹಳೇಬೀಡು ಕಡೆಯಿಂದ ಬಂದ ಒಬ್ಬರು ರಿಟೈರ್ಡ್ ಅಂಗನವಾಡಿ ಮೇಡಂ, ಇನ್ನೊಂದಿಷ್ಟು ಜನ, ಮತ್ತೆ ಕಂಪ್ಯೂಟರ್ ಕೆಲಸಕ್ಕೆ ಒಬ್ಬ ಡಿಸೈನ್ ಹುಡುಗ.

ಫೋಟೋ ಹುಡುಕ್ತಾ ಹೋದಾಗ ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಮನೇಲಿ ಚೌಕಟ್ಟು ಹಾಕಿದ ಒಂದು ಫೋಟೋ ಸಿಕ್ತು. ಹಳೇಬೀಡಿನ ಹೊಯ್ಸಳೇಶ್ವರ, ದಕ್ಷಿಣ ಬಾಗಿಲು. ಮನೆ ಯಜಮಾನರು ಹೇಳಿದ್ದು ಇಷ್ಟು: ಇದು 1856ರಲ್ಲಿ ತೆಗೆದಿದ್ದು, ಯಾರೋ ದೊರೆ ನಮ್ಮ ಮುತ್ತಜ್ಜನ ಅಪ್ಪನಿಗೆ ಕೈಯಾರೆ ಕೊಟ್ಟಿದ್ದು, ಹಾಸನ ಜಿಲ್ಲೆಯ ಮೊದಲನೇ ಫೋಟೋನೇ ಇದು. ಮಂಜರಾಬಾದ್ ಸೀಮೆಲಿ, ಅಂದ್ರೆ ಈಗಿನ ಸಕಲೇಶಪುರದ ಕಡೆ, ಆ ಕಾಲಕ್ಕೇ ಇಂಗ್ಲಿಷ್ ಪ್ಲಾಂಟರ್‌ಗಳು ತೋಟ ಮಾಡ್ಕೊಂಡಿದ್ರು, ಹಾಗಾಗಿ ಕತೆ ತೀರಾ ಅಸಾಧ್ಯ ಅನ್ನೋ ಹಾಗೂ ಇರ್ಲಿಲ್ಲ. ಮೇಷ್ಟ್ರಿಗೆ ಖುಷಿಯೋ ಖುಷಿ. ಪ್ರದರ್ಶನದ ಬಾಗಿಲಿಗೇ ಹತ್ತಡಿ ಫ್ಲೆಕ್ಸ್, ಅದರ ಮೇಲೆ "1856" ಅಂತ ದಪ್ಪಕ್ಷರ, ಕೆಳಗೆ "ಪಾಳುಬಿದ್ದ ಗತವೈಭವ" ಅಂತ. ಎಲ್ಲ ಮನಸ್ಸಲ್ಲೇ ಪ್ರಿಂಟ್ ಆಗೋಗಿತ್ತು.

ಎರಡು ತಕರಾರು

ಮೊದಲನೇದು ಇಸವಿ. ಎರಡನೇದು ಫೋಟೋದೊಳಗೆ ಕೂತಿರೋ ಮನುಷ್ಯ. ಮೊದಲನೇದೇ ದೊಡ್ಡ ಜಗಳ ಆಗುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ವಿ, ಆಗಿದ್ದು ಉಲ್ಟಾ.

ಮೊದಲು ಇಸವಿ ವಿಚಾರ. 1856 ಅನ್ನೋ ಸಂಖ್ಯೆ ಯಾಕೆ ಇಷ್ಟು ಆಸೆ ಹುಟ್ಟಿಸುತ್ತೆ ಅಂದ್ರೆ ಅದು ನಿಜವಾಗ್ಲೂ ಹಳೇಬೀಡಿನ ಫೋಟೋ ಚರಿತ್ರೆಯ ಹತ್ತಿರದ ಸಂಖ್ಯೆ. ಲಿನಿಯಸ್ ಟ್ರೈಪ್ ಅನ್ನೋ ಸೈನ್ಯಾಧಿಕಾರಿ 1854ರ ಡಿಸೆಂಬರ್‌ನಲ್ಲೇ ಹಳೇಬೀಡು, ಬೇಲೂರಿಗೆ ಬಂದು ಫೋಟೋ ತೆಗೆದಿದ್ದ, ಅವನ್ನ 1855ರ ಮದ್ರಾಸ್ ಪ್ರದರ್ಶನದಲ್ಲಿ ಇಟ್ಟು ಮೆಡಲ್ ಕೂಡ ತಗೊಂಡ. ಆಮೇಲೆ ಡಾಕ್ಟರ್ ನೀಲ್, ಡಾಕ್ಟರ್ ಪಿಗೂ, ಓಕ್ಲಿ ಅಂತ ಒಬ್ಬರ ಹಿಂದೆ ಒಬ್ಬರು. ಓಕ್ಲಿ ಬರೀ ಹಳೇಬೀಡಿನದ್ದೇ 56 ಫೋಟೋ ಇರೋ ಪುಸ್ತಕವನ್ನ 1859ರಲ್ಲಿ ಲಂಡನ್ನಲ್ಲಿ ತಂದ. ಒಂದು ದೇವಸ್ಥಾನಕ್ಕೆ ಒಂದು ಪೂರ್ತಿ ಫೋಟೋ ಪುಸ್ತಕ, ಅದೂ ಕ್ಯಾಮೆರಾ ಹುಟ್ಟಿ ಇಪ್ಪತ್ತು ವರ್ಷಕ್ಕೆ! ಕಂಪನಿ ಸರ್ಕಾರಕ್ಕೂ ಆಗ ಅದೇ ಹುಚ್ಚು, ಸ್ಮಾರಕಗಳನ್ನ ಚಿತ್ರ ಬರೆಸೋ ಬದಲು ಫೋಟೋ ತೆಗೆಸಿ ಅಂತ. ಇದಕ್ಕೂ ಸ್ವಲ್ಪ ಮುಂಚೆ, 1851ರಲ್ಲಿ, ಫ್ರಾನ್ಸ್ ಸರ್ಕಾರ ಐದು ಜನ ಫೋಟೋಗ್ರಾಫರ್‌ಗಳನ್ನ ತನ್ನ ಹಳೇ ಚರ್ಚು ಕೋಟೆಗಳ ಫೋಟೋ ತೆಗೆಯೋಕೆ ಅಂತ ದೇಶದ ಉದ್ದಗಲ ಕಳಿಸಿತ್ತು. ಅಂದ್ರೆ ಫೋಟೋ ಅನ್ನೋದು ಹುಟ್ಟಿ ಅಂಬೆಗಾಲಿಡ್ತಿದ್ದಾಗಲೇ ಸರ್ಕಾರಗಳಿಗೆ ಅದು ಬೇಕಾಗಿದ್ದು ದೊಡ್ಡ ಕಟ್ಟಡಗಳಿಗೆ.

ಪರೀಕ್ಷೆ ಮಾಡಿದ್ದು ಹೇಗೆ

ಯಜಮಾನರ ಎದುರಿಗೇ ಚೌಕಟ್ಟು ಬಿಚ್ಚಿದ್ವಿ, ಇದು ಮುಖ್ಯ, ಅವರಿಲ್ಲದಾಗ ಬಿಚ್ಚಿದ್ರೆ ಆಮೇಲೆ ಯಾವ ಕಲೆ ಮೊದಲೇ ಇತ್ತು ಯಾವುದು ಇರ್ಲಿಲ್ಲ ಅಂತ ಮಾತು ಬರುತ್ತೆ. ಹಿಂದೆ ಬರಹ ಏನೂ ಇರ್ಲಿಲ್ಲ, ಮೊಳೆ ತುಕ್ಕಿನ ಗುರುತು ಅಷ್ಟೇ.

ವಾಚ್ ರಿಪೇರಿಯವರು ಕಣ್ಣಿಗೆ ಸಿಗಿಸ್ಕೊಳ್ತಾರಲ್ಲ ಆ ಗಾಜಲ್ಲಿ ನೋಡಿದೆ. ಮೊದಲು ನೋಡಬೇಕಾಗಿದ್ದು ಚುಕ್ಕಿ. ಪ್ರೆಸ್ಸಲ್ಲಿ ಅಚ್ಚಾದ ಚಿತ್ರ ಆಗಿದ್ರೆ ಸಾಲು ಸಾಲು ಚುಕ್ಕಿ ಕಾಣುತ್ತೆ, ಹಳೇ ಪುಸ್ತಕದಿಂದ ಹರಿದು ಫ್ರೇಮ್ ಹಾಕ್ಸಿದ್ದನ್ನ ಅಸಲಿ ಫೋಟೋ ಅಂತ ನಂಬ್ಕೊಂಡಿರೋ ಮನೆಗಳು ಬೇಕಾದಷ್ಟಿವೆ. ಇಲ್ಲಿ ಚುಕ್ಕಿ ಇರ್ಲಿಲ್ಲ. ಬದಲಿಗೆ ಆಕಾಶದ ಬಿಳೀ ಜಾಗದಲ್ಲಿ ಕಾಗದದ ನಾರು ನೇರವಾಗಿ ಕಾಣ್ತಿತ್ತು, ಮೇಲೆ ತೆಳು ಹೊಳಪು, ಆ ಹೊಳಪಲ್ಲಿ ಕೂದಲೆಳೆ ಥರ ಬಿರುಕು, ಬಿಳಿ ಎಲ್ಲ ಹಳದಿಗೆ ತಿರುಗಿತ್ತು. ಮೊಟ್ಟೆಯ ಬಿಳಿ ಲೋಳೆ ಸವರಿ ಮಾಡ್ತಿದ್ದ ಆಲ್ಬುಮೆನ್ ಪ್ರಿಂಟು, ಅದರಲ್ಲಿ ನನಗೆ ಅನುಮಾನ ಬರ್ಲಿಲ್ಲ. ಆಮೇಲೆ ಬಂದ ಜೆಲಾಟಿನ್ ಪೇಪರಲ್ಲಾದ್ರೆ ಮಧ್ಯೆ ಬಿಳೀ ಲೇಪ ಇರುತ್ತೆ, ನಾರು ಹೀಗೆ ಕಾಣಲ್ಲ.

ಇಷ್ಟು ಹೇಳಿದ ತಕ್ಷಣ ಮೇಷ್ಟ್ರು "ಹಂಗಾದ್ರೆ 1856 ಗ್ಯಾರಂಟಿ" ಅಂದ್ಬಿಟ್ರು. ಎಲ್ಲಿ ಗ್ಯಾರಂಟಿ? ಆಲ್ಬುಮೆನ್ 1850ರಲ್ಲಿ ಬಂದಿದ್ದು ಹೌದು, ಆದ್ರೆ ಆ ಶತಮಾನದ ಕೊನೇವರೆಗೂ ಅದೇ ನಡೀತು. ಕಾಗದ ಹೇಳೋದು ಇಷ್ಟು ವರ್ಷದ ಒಳಗೆ ಅಂತ ಮಾತ್ರ.

ಇನ್ನೊಂದು ಸುಳಿವು ನೆರಳು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಬೇರೆ ದೇವಸ್ಥಾನಗಳ ಫೋಟೋಗೂ ಇದು ಕೆಲಸಕ್ಕೆ ಬರುತ್ತೆ. ನಮ್ಮ ಹಾಸನ ಹಳೇಬೀಡು ಎಲ್ಲ ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿವೆ, ಏಪ್ರಿಲ್ ಕೊನೆ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗ್ತಾನೆ, ಮತ್ತೆ ವಾಪಸ್ ಬರೋದು ಆಗಸ್ಟ್ ಮಧ್ಯಕ್ಕೆ. ಆ ನಡುವೆ ದಕ್ಷಿಣದ ಗೋಡೆಗೆ ನೇರ ಬಿಸಿಲೇ ಇಲ್ಲ, ಬೆಳಗ್ಗೆನೂ ಇಲ್ಲ ಸಂಜೆನೂ ಇಲ್ಲ. ಈ ಫೋಟೋದಲ್ಲಿ ದ್ವಾರಪಾಲಕರ ಮೈಮೇಲಿನ ಸರಗಳೆಲ್ಲ ಒಂದೊಂದೂ ಎದ್ದು ಕಾಣೋ ಹಾಗೆ ಬಲಗಡೆಯಿಂದ ಓರೆ ಬಿಸಿಲು ಬಿದ್ದಿತ್ತು. ದಕ್ಷಿಣ ಬಾಗಿಲಿಗೆ ಎದುರಾಗಿ ನಿಂತ್ರೆ ಬಲಗಡೆ ಪೂರ್ವ, ಅಂದ್ರೆ ಬೆಳಗಿನ ಹೊತ್ತು, ಬಹುಶಃ ಚಳಿಗಾಲ. ನೆಗೆಟಿವ್ ತಿರುಗಿಸಿ ಹಾಕಿ ಪ್ರಿಂಟ್ ಮಾಡಿದ್ರೆ ಎಡ ಬಲ ಅದಲು ಬದಲಾಗಿ ಸಂಜೆ ಬೆಳಗ್ಗೆ ಆಗೋಗುತ್ತೆ, ಅದಕ್ಕೆ ಒಂದು ಪ್ರಿಂಟ್ ತಗೊಂಡು ಹಳೇಬೀಡಿಗೇ ಹೋಗಿ ಬಾಗಿಲ ಮುಂದೆ ಹಿಡ್ಕೊಂಡು ನೋಡಿದ್ವಿ. ದ್ವಾರಪಾಲಕರ ಮುರಿದ ಕೈ, ಮೇಲೆ ತಾಂಡವ ಶಿವನ ಆಚೀಚೆ ಇರೋ ಮಕರ, ಎಲ್ಲ ಅದದೇ ಕಡೆ. ತಿರುಗಿಲ್ಲ.

ಚಳಿಗಾಲ ಅಂದಿದ್ದೇ ತಡ, ಮೇಷ್ಟ್ರಿಗೆ ಟ್ರೈಪ್ ನೆನಪಾದ. ಡಿಸೆಂಬರ್ 1854! ಈಗ 1856 ಕೂಡ ಹಳೇದಾಯ್ತು ಅವರಿಗೆ, ಇನ್ನೂ ಎರಡು ವರ್ಷ ಹಿಂದಕ್ಕೆ ಹೋಗಿ ಕೂತ್ರು. ಈ ಪ್ರಕರಣದ ಮೊದಲ ತಿರುವು ಇದೇ ಅಂತ ನನ್ನ ಲೆಕ್ಕ, ಯಾಕಂದ್ರೆ ಒಂದು ಸುಳಿವು ಸಿಕ್ಕಾಗ ಅದನ್ನ ಪ್ರಸಿದ್ಧ ಹೆಸರಿಗೆ ಅಂಟಿಸೋ ಆಸೆ ಎಂಥವರಿಗೂ ಬರುತ್ತೆ. ಆದ್ರೆ ಟ್ರೈಪ್ ಕೆಲಸ ಮಾಡ್ತಿದ್ದಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವಲ್ಲಿ. ಕಾಗದದ ನೆಗೆಟಿವಿಂದ ಬಂದ ಪ್ರಿಂಟಲ್ಲಿ ಅಂಚುಗಳು ಒಂಚೂರು ಮೃದು, ಕಾಗದದ ನಾರಿನ ಛಾಯೆ ಚಿತ್ರದೊಳಗೇ ಸೇರ್ಕೊಂಡಿರುತ್ತೆ. ನಮ್ಮ ಫೋಟೋದಲ್ಲಿ ಕಲ್ಲಿನ ಸರದ ಮಣಿ ಮಣಿ ಎಣಿಸಬಹುದು. ಇದು ಗಾಜಿನ ನೆಗೆಟಿವ್. ಇನ್ನು ಚಳಿಗಾಲ ಅನ್ನೋದು ಯಾರನ್ನೂ ಹಿಡ್ಕೊಡಲ್ಲ, ಆ ಕಾಲದ ಸಾಹೇಬರೆಲ್ಲ ಕ್ಯಾಂಪ್ ಹೊರಡ್ತಿದ್ದಿದ್ದೇ ಚಳಿಗಾಲದಲ್ಲಿ. ಓಕ್ಲಿ, ಪಿಗೂ ಫೋಟೋಗಳು ಆನ್‌ಲೈನಲ್ಲಿ ನೋಡೋಕೆ ಸಿಗುತ್ತವೆ, ಸಿಕ್ಕಿದ್ದನ್ನೆಲ್ಲ ಪಕ್ಕದಲ್ಲಿಟ್ಟು ನೋಡಿದ್ವಿ, ಇದೇ ಫ್ರೇಮು ಯಾವುದರಲ್ಲೂ ಕಾಣ್ಲಿಲ್ಲ.

ಆಮೇಲೆ ಎಕ್ಸ್‌ಪೋಷರ್, ಅಂದ್ರೆ ಚಿತ್ರ ಮೂಡೋಕೆ ಲೆನ್ಸಿಂದ ಬೆಳಕು ಬಿಡೋ ಹೊತ್ತು. ಇಲ್ಲಿಗೇ ಕೂತಿರೋ ಮನುಷ್ಯ ಬರ್ತಾನೆ.

ಮೆಟ್ಟಿಲ ಮೇಲೆ ಒಬ್ಬ, ತಲೆಗೆ ರುಮಾಲು, ಮಂಡಿ ಮಡಿಸಿ ಎರಡೂ ಕೈ ಮಂಡಿ ಸುತ್ತ ಹಾಕ್ಕೊಂಡು ಕೂತಿದಾನೆ, ಅಲ್ಲಾಡಿಲ್ಲ, ರುಮಾಲಿನ ಮಡಿಕೆ ಕೂಡ ಚೆನ್ನಾಗಿ ಬಂದಿದೆ. ಇದು ಎಲ್ಲರಿಗೂ ಕಾಣುತ್ತೆ. ಸ್ಕ್ಯಾನನ್ನ ದೊಡ್ಡದು ಮಾಡಿ ಎಡಗಡೆ ಮೆಟ್ಟಿಲಿಗೆ ಹೋದಾಗ ಇನ್ನೊಂದು ಸಿಕ್ತು: ಎರಡು ಪಾದ, ಬರಿಗಾಲು, ಕಲ್ಲಿನ ಮೇಲೆ ಗಟ್ಟಿಯಾಗಿ ಊರಿದಾವೆ, ಮೊಣಕಾಲವರೆಗೂ ಪಂಚೆಯ ಗುರುತು, ಅದರ ಮೇಲೆ ಮನುಷ್ಯನೇ ಇಲ್ಲ, ಬೂದಿ ಬಣ್ಣದ ಒಂದು ಮಬ್ಬು, ಅದರ ಹಿಂದಿನ ಶಿಲ್ಪ ಆ ಮಬ್ಬಿನೊಳಗಿಂದ ಕಾಣುತ್ತೆ. ಡಿಸೈನ್ ಹುಡುಗ "ಸಾರ್, ದೆವ್ವ" ಅಂದ. ದೆವ್ವ ಅಲ್ಲ ಮಾರಾಯ, ಅವನು ಕಾಲು ಕೀಳದೆ ಮೈ ಅಲ್ಲಾಡಿಸಿದಾನೆ, ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಹಾಕೋವರೆಗೂ ಹಲವು ಸೆಕೆಂಡು ಬೇಕಿತ್ತು, ಅಷ್ಟು ಹೊತ್ತು ಒಬ್ಬ ಸುಮ್ಮನೆ ಕೂತ, ಇನ್ನೊಬ್ಬನಿಗೆ ಆಗ್ಲಿಲ್ಲ.

ಇದೇ ವಿಷಯ ಪ್ಯಾರಿಸಿನ ತುಂಬಾ ಹಳೇ ಫೋಟೋ ಒಂದರಲ್ಲೂ ಇದೆ. 1838ರಲ್ಲಿ ಡಾಗೇರ್ ಅನ್ನೋನು ತನ್ನ ಕಿಟಕಿಯಿಂದ ಬುಲೆವಾರ್ಡ್ ದು ತಾಂಪ್ಲ್ ಅನ್ನೋ ಬೀದಿ ಫೋಟೋ ತೆಗೆದ. ಗಾಡಿ ಕುದುರೆ ಜನ ಗಿಜಿಗುಡೋ ಬೀದಿ ಅದು, ಫೋಟೋದಲ್ಲಿ ಮಾತ್ರ ಕರ್ಫ್ಯೂ ಹಾಕಿದ ಹಾಗೆ ಖಾಲಿ, ಯಾಕಂದ್ರೆ ಓಡಾಡ್ತಿದ್ದ ಯಾವುದೂ ತಗಡಿನ ಮೇಲೆ ಮೂಡೋಷ್ಟು ಹೊತ್ತು ನಿಲ್ಲಲಿಲ್ಲ. ಮೂಡಿದ್ದು ಮೂಲೆಯಲ್ಲಿ ನಿಂತು ಶೂ ಪಾಲಿಶ್ ಮಾಡಿಸ್ಕೊಳ್ತಿದ್ದ ಒಬ್ಬ, ಪಾಲಿಶ್ ಮಾಡ್ತಿದ್ದವನು ಅರೆಬರೆ. ಹಾಗಾಗಿ ಆ ಕಾಲದ ಊರುಗಳ, ಗೋಪುರಗಳ, ಅರಮನೆಗಳ ಫೋಟೋದಲ್ಲಿ ಕಾಣೋ ಆ ಭವ್ಯ ನಿರ್ಜನತೆ ಇದೆಯಲ್ಲ, ಅದರಲ್ಲಿ ಮುಕ್ಕಾಲುಪಾಲು ಕೆಮಿಕಲ್ಲಿನ ನಿಧಾನ. ಆಕಾಶ ಬೋಳು ಬಿಳಿ ಇರೋದೂ ಅಷ್ಟೆ, ಆಗಿನ ಕೆಮಿಕಲ್ಲಿಗೆ ನೀಲಿ ಬೆಳಕು ಅತಿಯಾಗಿ ತಾಗ್ತಿತ್ತು, ಹಸಿರು ಸರಿಯಾಗಿ ತಾಗ್ತಿರ್ಲಿಲ್ಲ, ಅದಕ್ಕೇ ಮೋಡ ಎಲ್ಲ ಮಾಯ, ಗಿಡಮರ ಎಲ್ಲ ಕಪ್ಪು ಮುದ್ದೆ.

ಸರಿ, ಹಲವು ಸೆಕೆಂಡಿನ ಎಕ್ಸ್‌ಪೋಷರ್, ಗಾಜಿನ ನೆಗೆಟಿವ್, ಆಲ್ಬುಮೆನ್. 1880ರ ದಶಕಕ್ಕೆ ಒಣ ಪ್ಲೇಟುಗಳು (ಕೆಮಿಕಲ್ ಮೊದಲೇ ಹಚ್ಚಿ ಒಣಗಿಸಿದ, ಬೇಗ ಚಿತ್ರ ಮೂಡೋ ಗಾಜು) ಎಲ್ಲರ ಕೈಗೆ ಬಂದ ಮೇಲೆ ಬಿಸಿಲಲ್ಲಿ ಇಷ್ಟು ಹೊತ್ತು ಕಾಯೋ ಅಗತ್ಯ ಇರ್ಲಿಲ್ಲ. ಹಾಗಾಗಿ 1850ರ ದಶಕದ ಮಧ್ಯದಿಂದ 1880ರ ಆಸುಪಾಸಿನವರೆಗೆ ಅಂತ ನಾನು ಬರೆದುಕೊಟ್ಟೆ. 1856 ಅದರೊಳಗೇ ಇದೆ, ಆದ್ರೆ ಅದೇ ಅಂತ ಹೇಳೋಕೆ ಈ ಪ್ರಿಂಟಲ್ಲಿ ಏನೂ ಇಲ್ಲ.

ಯಜಮಾನರು ಮುಖ ಸಣ್ಣ ಮಾಡ್ಕೊಂಡ್ರು, ಒಂದಿಷ್ಟು ದಿನ ಫೋನ್ ಎತ್ತಲಿಲ್ಲ. ಕೊನೆಗೆ ಅವರ ಮನೆ ಹಿರಿಯಕ್ಕ ಒಬ್ರು ದಾರಿ ತೋರಿಸಿದ್ರು: "ನಮ್ಮನೇಲಿ 56 ಅಂತ ಹೇಳ್ಕೊಂಡು ಬಂದಿರೋದು ಸುಳ್ಳಲ್ಲ ತಾನೆ, ಹೇಳ್ಕೊಂಡು ಬಂದಿದಾರೆ ಅಂತಾನೇ ಹಾಕಿ." ಅದನ್ನೇ ಮಾಡಿದ್ವಿ. ಮೇಲೆ ನಮ್ಮ ಅಂದಾಜು, ಕೆಳಗೆ "ಮನೆತನದವರ ಹೇಳಿಕೆ ಪ್ರಕಾರ 1856". ಇಸವಿ ಜಗಳ ಅಲ್ಲಿಗೆ ಮುಗೀತು.

ಅಳಿಸಿದ ಫೋಟೋ

ನಿಜವಾದ ಗಲಾಟೆ ಆಗಿದ್ದು ಫ್ಲೆಕ್ಸ್ ಡಿಸೈನ್ ಬಂದಾಗ. ಹುಡುಗ ಬುದ್ಧಿವಂತ, ಕೂತಿದ್ದವನನ್ನೂ ಅರೆದೇಹದವನನ್ನೂ ಆ್ಯಪಲ್ಲಿ ಒಂದೇ ಟಚ್ಚಿಗೆ ಅಳಿಸಿ, ಇಲ್ಲದ ಮೆಟ್ಟಿಲನ್ನ ಅದೇ ಬಿಡಿಸಿಕೊಟ್ಟಿತ್ತು, ಆಕಾಶಕ್ಕೆ ಮೋಡ ಕೂಡ ಹಾಕಿದ್ದ. ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಹೋಟೆಲ್ ಮಾಲೀಕರಿಗೆ ತುಂಬಾ ಹಿಡಿಸ್ತು. "ದೇವಸ್ಥಾನ ತೋರಿಸೋಣ, ಯಾರೋ ದಾರೀಲಿ ಹೋಗೋನು ಯಾಕೆ" ಅನ್ನೋದು ಅವರ ವಾದ. ಮೇಷ್ಟ್ರದ್ದು ಬೇರೆ ವಾದ, ಆದ್ರೆ ಬಂದು ಸೇರೋದು ಅಲ್ಲಿಗೇ: ಜನ ಇದ್ರೆ ಪಾಳು ಅನ್ನಿಸಲ್ಲ, ನಮಗೆ ಬೇಕಾಗಿರೋದು ಕಳೆದುಹೋದ ವೈಭವದ ಸಂಕೇತ.

ಮೇಷ್ಟ್ರ ಈ ಮಾತು ನನ್ನನ್ನ ಬಹಳ ಕಾಡ್ತು, ಯಾಕಂದ್ರೆ ಅದು ಅವರ ಸ್ವಂತ ಮಾತಲ್ಲ. ಆ ಮೊದಲ ಫೋಟೋಗಳು ಹೋಗಿ ಸೇರಿದ್ದು ಲಂಡನ್ನಿಗೆ. ಪಿಗೂ, ನೀಲ್, ಬಿಗ್ಸ್ ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ದೇವಸ್ಥಾನಗಳ ಫೋಟೋಗಳು 1866ರಲ್ಲಿ ದೊಡ್ಡ ಪುಸ್ತಕವಾಗಿ ಬಂದ್ವು, ಅದರ ವಾಸ್ತುಶಿಲ್ಪದ ಬರಹ ಜೇಮ್ಸ್ ಫರ್ಗ್ಯುಸನ್ ಅವರದ್ದು. ಅದೇ ಫರ್ಗ್ಯುಸನ್ ಮುಂದೆ ತನ್ನ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಹಳೇಬೀಡನ್ನ ಗ್ರೀಸಿನ ಪಾರ್ಥೆನಾನ್ ದೇವಸ್ಥಾನದ ಎದುರಿಗೆ ನಿಲ್ಲಿಸಿ, ಕಟ್ಟಡ ಕಲೆಯ ಎರಡು ತುದಿ ಇವು ಅನ್ನೋ ಅರ್ಥದಲ್ಲಿ ಬರೆದ. ಇಷ್ಟು ದೊಡ್ಡ ಗೌರವ ಬಂದಿದ್ದು ಸರಿನೇ. ಆದ್ರೆ ಆ ಗೌರವ ಬರೋಕೆ ದೇವಸ್ಥಾನ ಊರಿಂದ ಬೇರೆಯಾಗಬೇಕಾಯ್ತು: ಮುಂದಿನ ಹಟ್ಟಿ, ದನ, ಕೆರೆ ಏರಿ, ನೀರು ತರೋ ಹೆಂಗಸರು ಯಾರೂ ಇಲ್ಲದ ಒಂದು ಕಲ್ಲಿನ ವಸ್ತು ಅಂತ. ಆಮೇಲೆ ಅದೇ ಚಿತ್ರ ನಮ್ಮ ಹತ್ರ ಕ್ಯಾಲೆಂಡರ್ ಆಗಿ, ಟೂರಿಸಂ ಪೋಸ್ಟರ್ ಆಗಿ, ಬೇಕರಿ ಡಬ್ಬದ ಮೇಲೆ ವಾಪಸ್ ಬಂತು. ಈಗ ಮೊಬೈಲಲ್ಲಿ ಜನ ನಿಲ್ಲೋ ಜಾಗ ಕೂಡ ಅದೇ, ಪಕ್ಕದವರಿಗೆ "ಸ್ವಲ್ಪ ಆಕಡೆ ಹೋಗ್ತೀರಾ" ಅಂದು ಖಾಲಿ ಮಾಡಿಸಿ ತೆಗೀತಾರೆ. ಆಗ ಕೆಮಿಕಲ್ ಅಳಿಸ್ತಿತ್ತು, ಈಗ ನಾವೇ.

ನಾನು ಇದನ್ನೆಲ್ಲ ಮೀಟಿಂಗಲ್ಲಿ ಹೇಳಿದೆ, ಯಾರಿಗೂ ನಾಟಲಿಲ್ಲ. ಯಾರೋ ಬೇಲೂರಿನ ವಿಷಯ ಎತ್ತಿದ್ರು, ಅಲ್ಲಿ ಗರ್ಭಗುಡಿ ಮೇಲೆ ಇಟ್ಟಿಗೆ ಗಾರೆಯ ಗೋಪುರ ಇತ್ತು, 19ನೇ ಶತಮಾನದ ಕೊನೇ ಭಾಗದಲ್ಲಿ ಒಳಗಿನ ಕಟ್ಟಡಕ್ಕೆ ಭಾರ ಅಂತ ಇಳಿಸಿದ್ರು, ಅದಕ್ಕೂ ಮುಂಚಿನ ಫೋಟೋ ಸಿಕ್ಕಿದ್ರೆ ಅದರಲ್ಲಿ ಜನ ಇದ್ರೂ ಹಾಕೋಣ, ಇಲ್ಲಿ ಹಾಗೇನು ಇಲ್ವಲ್ಲ ಅಂತ. ಮಾತು ಎಲ್ಲೆಲ್ಲೋ ಹೋಯ್ತು.

ಬದಲಾಯ್ಸಿದ್ದು ಅಂಗನವಾಡಿ ಮೇಡಂ. ಅಷ್ಟು ಹೊತ್ತು ಸುಮ್ಮನಿದ್ದವರು ಎರಡೂ ಪ್ರಿಂಟನ್ನ ಪಕ್ಕ ಪಕ್ಕ ಇಟ್ಟು, "ಅಲ್ಲಾ ಸಾರ್, ಇವನನ್ನ ತೆಗೆದ್ಮೇಲೆ ಬಾಗ್ಲು ಎಷ್ಟೆತ್ತರ ಅಂತ ಹೆಂಗೆ ಗೊತ್ತಾಗುತ್ತೆ? ನೋಡಿ, ಗೊಂಬೆ ಮನೆ ಥರ ಆಗೋಯ್ತು" ಅಂದ್ರು. ಎಲ್ಲರೂ ಬಗ್ಗಿ ನೋಡಿದ್ವಿ. ಹೌದು. ಮನುಷ್ಯ ಇದ್ದಾಗ ದ್ವಾರಪಾಲಕ ಆಳೆತ್ತರ ಮೀರಿ ನಿಂತಿದಾನೆ, ಬಾಗಿಲು ಎದ್ದು ನಿಂತಿದೆ. ಮನುಷ್ಯ ಇಲ್ಲದಾಗ ಅದೇ ಬಾಗಿಲು ಶೋಕೇಸಲ್ಲಿಡೋ ಶ್ರೀಗಂಧದ ಕೆತ್ತನೆ ಅಂದ್ರೂ ನಂಬಬಹುದು. ಆ ಕಾಲದ ಫೋಟೋಗ್ರಾಫರ್‌ಗಳು ಕಟ್ಟಡದ ಮುಂದೆ ಆಳು ನಿಲ್ಲಿಸ್ತಿದ್ದಿದ್ದೂ ಅಳತೆ ಗೊತ್ತಾಗ್ಲಿ ಅಂತಾನೇ. ಹೋಟೆಲ್ ಮಾಲೀಕರು ಸ್ವಲ್ಪ ಹೊತ್ತು ನೋಡಿ, "ಸರಿ, ಇರ್ಲಿ ಅವನು" ಅಂದ್ರು. ವೈಭವ ತೋರ್ಸೋಕೆ ಅಂತಾನೇ ಮನುಷ್ಯನನ್ನ ಉಳಿಸ್ಕೊಂಡಿದ್ದು, ನನ್ನ ಭಾಷಣದಿಂದ ಅಲ್ಲ. ಪರವಾಗಿಲ್ಲ, ಉಳೀತಲ್ಲ.

"ಪಾಳುಬಿದ್ದ" ಅನ್ನೋದನ್ನ ತೆಗೆಸೋಕೆ ಮೇಷ್ಟ್ರು ಕೊನೇವರೆಗೂ ಒಪ್ಪಲಿಲ್ಲ, ಅದಕ್ಕೆ ರಾಜಿ ಮಾಡ್ಕೊಂಡು ಫ್ಲೆಕ್ಸಲ್ಲಿ ಬರೀ "ಹಳೇಬೀಡು, ದಕ್ಷಿಣ ಬಾಗಿಲು" ಅಂತ ಇಟ್ಟು, ಅವರ ಮಾತಿಗೆ ಒಳಗಡೆ ಬೇರೆ ಫಲಕ ಕೊಟ್ವಿ. ಫಲಕದ ಕೆಳಗೆ ನಾನು ಸೇರಿಸಿದ ಸಾಲು ಇಷ್ಟು: ಬಲಕ್ಕೆ ಕೂತಿರುವವರು, ಎಡಕ್ಕೆ ನಿಂತಿರುವವರು, ಹೆಸರು ತಿಳಿದಿಲ್ಲ.

ಏನಾಯ್ತು, ಏನು ಉಪಯೋಗಕ್ಕೆ ಬಂತು

ಪ್ರದರ್ಶನಕ್ಕೆ ಬಂದವರು ಆ ಎರಡು ಪಾದದ ಮುಂದೆ ನಿಲ್ಲೋದು ಜಾಸ್ತಿ ಆಯ್ತು, ಮಕ್ಕಳಂತೂ ಹುಡುಕಾಟದ ಆಟ ಮಾಡ್ಕೊಂಡ್ರು. ಹಳೇಬೀಡು ಕಡೆಯ ಅಜ್ಜ ಒಬ್ಬರು ರುಮಾಲು ಕಟ್ಟಿರೋ ರೀತಿ ಬಗ್ಗೆನೇ ಅರ್ಧ ಗಂಟೆ ಮಾತಾಡಿದ್ರು, ದೇವಸ್ಥಾನದ ಬಗ್ಗೆ ಒಂದು ಮಾತಿಲ್ಲ. ಮೇಷ್ಟ್ರು ಅದನ್ನ ಕೂತು ಬರ್ಕೊಂಡ್ರು.

ಬೇರೆ ಊರಲ್ಲಿ ಇಂಥ ಕೆಲಸ ಮಾಡೋರಿಗೆ ನಾನು ಹೇಳೋದು, ಕಾಗದ ನೋಡೋ ಮುಂಚೆ ಕತೆ ಕೇಳಿ ಬರ್ಕೊಳಿ, ಆದ್ರೆ ಎರಡನ್ನೂ ಬೇರೆ ಬೇರೆ ಹಾಳೆಲಿ ಇಡಿ, ಆಮೇಲೆ ಒಂದರ ಮೇಲೆ ಒಂದು ಒರಗಿಸ್ಬೇಡಿ. ನೆರಳು ಯಾವ ಕಡೆ ಬಿದ್ದಿದೆ ಅನ್ನೋದನ್ನ ಜಾಗಕ್ಕೇ ಹೋಗಿ ನೋಡಿ. ಫೋಟೋದಲ್ಲಿ ಏನಿಲ್ಲ ಅನ್ನೋದಕ್ಕೆ ಕಾರಣ ಕೇಳ್ಕೊಳ್ಳಿ, ಅಲ್ಲಿ ಇರ್ಲೇ ಇಲ್ವಾ, ಇದ್ದಿದ್ದು ಮೂಡಲಿಲ್ವಾ, ಅಥವಾ ಯಾರಾದ್ರೂ ತೆಗೆದ್ರಾ ಅಂತ, ಮೂರೂ ಬೇರೆ. ಮತ್ತೆ ಮೀಟಿಂಗಲ್ಲಿ ಸುಮ್ಮನೆ ಕೂತಿರೋರನ್ನ ಮೊದಲೇ ಮಾತಾಡಿಸಿ, ನಮಗೆ ಎಷ್ಟೋ ಸಂಜೆ ಉಳೀತಿತ್ತು.

ಅಸಲಿ ಫೋಟೋಗೆ ಆಸಿಡ್ ಇಲ್ಲದ ಬೋರ್ಡು ಹಾಕ್ಸಿ ತೋಟದ ಮನೆಗೆ ವಾಪಸ್ ಕೊಟ್ವಿ, ಬಿಸಿಲು ಬೀಳದ ಗೋಡೆಗೆ ಹಾಕಿ ಅಂತ ಹೇಳಿದೀವಿ, ಅವರು ಹಾಲ್‌ನಲ್ಲಿ ಕಿಟಕಿ ಎದುರಿಗೇ ಹಾಕಿದಾರಂತೆ. ಒಂದು ಸಮಸ್ಯೆ ಮಾತ್ರ ಬಗೆಹರಿದಿಲ್ಲ. ಆ ಅಳಿಸಿದ ಡಿಸೈನು ಮೀಟಿಂಗಿಗೂ ಮುಂಚೆನೇ ವಾಟ್ಸಾಪ್ ಗ್ರೂಪಲ್ಲಿ ಹೋಗಿತ್ತು, ಅದು ಅಲ್ಲಿಂದ ಎಲ್ಲೆಲ್ಲೋ ಹೋಗಿ ಈಗ ಒಂದು ಕಲ್ಯಾಣ ಮಂಟಪದ ಗೋಡೆ ಮೇಲೆ ಮೋಡದ ಸಮೇತ, 1856 ಅಂತ ಬರೆಸ್ಕೊಂಡು ನಿಂತಿದೆ. ತೆಗೀರಿ ಅಂತ ಕೇಳಿದ್ದಕ್ಕೆ "ಎಷ್ಟು ಚೆನ್ನಾಗಿದೆಯಲ್ಲ ಸಾರ್" ಅಂದ್ರು. ಈಗ ಸಂಘದಿಂದ ಯಾವ ಫೈಲ್ ಹೊರಗೆ ಹೋದ್ರೂ ವಿವರದ ಪಟ್ಟಿ ಚಿತ್ರದೊಳಗೇ ಕೆಳಗೆ ಸೇರಿಸಿ ಕೊಡ್ತೀವಿ. ಅದನ್ನೂ ಕ್ರಾಪ್ ಮಾಡೋರು ಇದಾರೆ, ಅದಕ್ಕೆ ಪಟ್ಟಿನ ಆ ಬರಿಗಾಲಿನ ಪಕ್ಕಕ್ಕೇ ತಂದು ಹಾಕೋಣ್ವಾ ಅಂತ ಹುಡುಗ ಕೇಳ್ತಿದಾನೆ, ಮುಂದಿನ ಮೀಟಿಂಗಿಗೆ ಇಟ್ಟಿದೀವಿ.